ಗೆರೆ ದಾಟಿದ ಗಾಡಿಗಳು

ತೂಬಿನ ಕಲ್ಲಿಗೆ ತಲೆ ಬಡಿದು ಸಣ್ಣರಂಗಯ್ಯ ಸತ್ತ. ಅವನು ಸಂಘದವನಲ್ಲ, ಗಾಡಿಯನ್ನು ಯಾರನ್ನೂ ಕೇಳದೆ ತೆಗೆದುಕೊಂಡು ಕೆರೆಯಂಗಳಕ್ಕೆ ನುಗ್ಗಿದ ಎಂದು ಸಂಘದ ಅಧ್ಯಕ್ಷರು ಪೊಲೀಸರಿಗೆ ಹೇಳಿಕೆ ಕೊಟ್ಟರು. ಹೆಣ ಎತ್ತಿದ ಮೇಲೆ ಉಳಿದ ಸುತ್ತುಗಳನ್ನು ಓಡಿಸಿ, ಕಪ್ ಹಂಚಿ, ಎಲ್ಲರೂ ಮನೆಗೆ ಹೋದರು.

ಅದು ಎಂಬತ್ತಮೂರರ ಬೇಸಿಗೆ. ಸಂಘದ ಹೆಸರು ನಾಲ್ಕು ತಾಲೂಕು ಮೋಟಾರ್ ಸೈಕಲ್ ರೇಸ್ ಸಂಘ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗಾಡಿಗಳೆಲ್ಲ ಇದರಲ್ಲಿದ್ದವು. ಬಡವನಹಳ್ಳಿಯಾಚೆ ಒಂದು ಕೆರೆ ಬತ್ತಿ ನೆಲ ಬಿರಿದ ಮೇಲೆ ಅದರ ಅಂಗಳದಲ್ಲಿ ವರ್ಷಕ್ಕೊಮ್ಮೆ ರೇಸು. ಸುತ್ತು ಹಾಕುವ ದಾರಿ ಏರಿಯ ಕೆಳಗೆ ತೂಬಿನ ಹತ್ತಿರ ಥಟ್ಟನೆ ತಿರುಗುತ್ತದೆ. ಅಲ್ಲಿ ಹಳೆಯ ಕಾಲದ ಎರಡು ಕಲ್ಲುಕಂಬ ನಿಂತಿವೆ. ಅವುಗಳ ಮುಂದೆ ನಾಲ್ಕು ಹೊರೆ ಹುಲ್ಲು ಒಟ್ಟಿ ಎಂದು ಓಡಿಸುವವರು ಪ್ರತಿ ವರ್ಷ ಕೇಳುತ್ತಿದ್ದರು. ಹುಲ್ಲು ಎಮ್ಮೆಗೆ ಬೇಕು ಎಂದು ಪ್ರತಿ ವರ್ಷ ಯಾರೋ ಒಬ್ಬರು ನಗುತ್ತಿದ್ದರು.

ಸಂಘದಲ್ಲಿ ಎರಡು ಥರದ ಜನ. ಗಾಡಿ ಇಟ್ಟವರು, ಗಾಡಿ ಓಡಿಸುವವರು. ಗಾಡಿ ಇಟ್ಟವರೆಂದರೆ ಮಿಲ್ಲಿನವರು, ಕಂಟ್ರಾಕ್ಟರುಗಳು, ಬಸ್ಸಿನ ಮಾಲೀಕರು. ಅವರಿಗೆ ಮಣ್ಣಿನಲ್ಲಿ ಬೀಳುವ ಆಸೆಯಿಲ್ಲ. ಓಡಿಸುವವರು ಗೊಲ್ಲರ ಹಟ್ಟಿಯಿಂದ, ಹರಿಜನ ಕಾಲೋನಿಯಿಂದ ಬಂದ ಹುಡುಗರು. ಗೆದ್ದರೆ ಹಾರ ಮಾಲೀಕನ ಕೊರಳಿಗೆ, ಕಪ್ ಮಾಲೀಕನ ಮನೆಯ ಗಾಜಿನ ಬೀರುವಿಗೆ. ಓಡಿಸಿದವನ ಹೆಗಲಿಗೆ ಒಂದು ಟವಲು ಬೀಳುತ್ತಿತ್ತು.

ಸಣ್ಣರಂಗಯ್ಯ ಓಡಿಸುತ್ತಿದ್ದದ್ದು ಚನ್ನಮಲ್ಲಯ್ಯನವರ ಕೆಂಪು ಜಾವಾವನ್ನು. ಮಧುಗಿರಿಯಲ್ಲಿ ಅವರದು ಕಡಲೆಕಾಯಿ ಎಣ್ಣೆ ಮಿಲ್ಲು. ಸಂಘ ಶುರುವಾದ ಎಪ್ಪತ್ತೊಂದರಿಂದ ಅವರೇ ಅಧ್ಯಕ್ಷರು. ಸಣ್ಣರಂಗಯ್ಯ ಅದೇ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ, ಬೆಳಿಗ್ಗೆ ಎದ್ದು ಆ ಜಾವಾವನ್ನು ತೊಳೆದು ಒರೆಸುತ್ತಿದ್ದ. ರೇಸಿನ ದಿನ ಗಾಡಿಗೆ ಕುಂಕುಮ ಇಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿ, ಕೀಲಿಕೈ ಕೊಟ್ಟವರು ಚನ್ನಮಲ್ಲಯ್ಯನವರೇ. ಕೆರೆಯಂಗಳದ ಜನವೆಲ್ಲ ಅದನ್ನು ನೋಡಿತ್ತು. ಪೊಲೀಸರು ಕೇಳಿದಾಗ ಯಾರ ಕಣ್ಣಿಗೂ ಏನೂ ಬಿದ್ದಿರಲಿಲ್ಲ.

ತಿಥಿ ಮುಗಿದ ಮೇಲೆ ಸತ್ತವನ ಅಣ್ಣ ಚಿಕ್ಕನರಸಯ್ಯ ತಾಯಿ ಮಾರಕ್ಕನನ್ನು ಕರೆದುಕೊಂಡು ಮಿಲ್ಲಿಗೆ ಹೋದ. ಅವನು ಕೊರಟಗೆರೆಯಿಂದ ಪಾವಗಡಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರು. ಅವನೂ ಸಂಘಕ್ಕೆ ಓಡಿಸಿದವನೇ. ತಮ್ಮನಷ್ಟು ಚುರುಕಿರಲಿಲ್ಲ, ಅಷ್ಟೆ.

"ಬಾರ್ಲಾ ನರ್ಸ," ಎಂದರು ಚನ್ನಮಲ್ಲಯ್ಯ. ಅವರು ಎಂದೂ ಗದರುವವರಲ್ಲ. "ಏನಾದ್ರೂ ಬೇಕಿದ್ರೆ ಹೇಳು. ನಾಚ್ಕೋಬ್ಯಾಡ."

"ಏನೂ ಬ್ಯಾಡ ಯಜಮಾನ್ರೆ. ನಮ್ ರಂಗ ಕೇಳ್ದೆ ಗಾಡಿ ತಗೊಂಡೋದ ಅಂದಿದ್ದೀರಂತೆ. ಆ ಮಾತು ವಾಪಸ್ ತಗೋಬೇಕು. ಅವ್ನು ಸಂಘದೋನು, ನಾವೇ ಕಳ್ಸಿದ್ವಿ ಅನ್ಬೇಕು. ಅಷ್ಟೇಯ."

"ನಂಗೇನ್ ಹೊಟ್ಟೆ ಉರಿಯಕಿಲ್ವೇನ್ಲಾ? ನನ್ ಕಣ್ಮುಂದೆ ಬೆಳ್ದೋನು. ಆದ್ರೆ ನಾನೇ ಕಳ್ಸಿದೆ ಅಂದ್ರೆ ಕೇಸು ಸಂಘದ್ ಮೇಲೆ ಬೀಳ್ತದೆ. ರೇಸ್ ನಿಂತೋಯ್ತದೆ. ಆಮೇಲೆ ನೀನು, ಆ ಶಿರಾದ ಕಾಟಪ್ಪ, ನೀವೆಲ್ಲಾ ಏನ್ ಓಡಿಸ್ತೀರ? ಎಮ್ಮೆನಾ?"

ತಕ್ಕಡಿಯ ಹತ್ತಿರ ನಿಂತಿದ್ದವರು ನಕ್ಕರು. ಮಾರಕ್ಕ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಸ್ವಾಮಿ, ನನ್ ಮಗ ಕಳ್ಳ ಅಲ್ಲ."

"ಕಳ್ಳ ಅಂತ ಯಾರಂದ್ರು ಕಣಮ್ಮ? ಕೇಳ್ದೆ ತಗೊಂಡ ಅಂದ್ವಿ."

"ಕೇಳ್ದೆ ತಗೊಂಡೋರ್ನ ನಮ್ ಕೇರೀಲಿ ಕಳ್ಳ ಅಂತ್ಲೇ ಅನ್ನದು. ನಿಮ್ ಕಡೆ ಅದುಕ್ಕೆ ಬ್ಯಾರೆ ಏನಂತಾರೋ ಗೊತ್ತಿಲ್ಲ."

ನಗು ನಿಂತಿತು. ಚನ್ನಮಲ್ಲಯ್ಯ ಕೈಯಲ್ಲಿದ್ದ ಕಡಲೆಕಾಯಿಯ ಸಿಪ್ಪೆ ಒಡೆದು ಬೀಜ ಬಾಯಿಗೆ ಹಾಕಿಕೊಂಡರು. "ನಾನೊಬ್ನೇ ಹೇಳಿದ್ದಲ್ಲ ಕಣಮ್ಮ, ಕಮಿಟಿ ಹೇಳಿದ್ದು. ಕಮಿಟಿ ವಾಪಸ್ ತಗೊಂಡ್ರೆ ನಂದೇನೂ ಅಡ್ಡಿ ಇಲ್ಲ."

ಕಮಿಟಿ ಎಂದರೆ ಒಂಬತ್ತು ಜನ. ಹನ್ನೆರಡು ವರ್ಷದಿಂದ ಅವರೇ. ನಡುವೆ ಒಬ್ಬರು ತೀರಿಕೊಂಡಾಗ ಅವರ ಕುರ್ಚಿಯಲ್ಲಿ ಅವರ ಮಗ ಕೂತ.

ಕೇರಿಯ ಬಾಯಿಗೆ ಬಂದಾಗ ಮಾರಕ್ಕ ಒಂದೇ ಮಾತು ಕೇಳಿದಳು. "ಅವ್ರು ಯಾವಾಗ ಹೇಳ್ತಾರ್ಲಾ?"

"ಹೇಳಿಸ್ತೀನಿ ಕಣವ್ವ," ಎಂದ ಚಿಕ್ಕನರಸಯ್ಯ.

ಆ ಕಾಲಕ್ಕೆ ಮಧುಗಿರಿಯಲ್ಲಿ ರೇಣುಕಯ್ಯ ಮೇಷ್ಟರ ಜಗಲಿಯ ಮೇಲೆ ಭಾನುವಾರ ಸಂಜೆ ಹತ್ತಾರು ಜನ ಸೇರಿ ಓದುತ್ತಿದ್ದರು. ಒಬ್ಬರು ಜೋರಾಗಿ ಓದುವುದು, ಉಳಿದವರು ಜಗಳವಾಡುವುದು. ಹೈಸ್ಕೂಲು ಮೇಷ್ಟರಾದ ರೇಣುಕಯ್ಯ ಒಳ್ಳೆಯ ಮನುಷ್ಯ. ಒಂದು ರಾಜ್‌ದೂತ್ ಇಟ್ಟುಕೊಂಡಿದ್ದರಿಂದ ಅವರೂ ಸಂಘದ ಸದಸ್ಯರು. ಚಿಕ್ಕನರಸಯ್ಯ ಬಸ್ಸಿನ ಕೆಲಸ ಮುಗಿಸಿ, ಚರ್ಮದ ಬ್ಯಾಗು ಹೆಗಲಲ್ಲಿದ್ದಂತೆಯೇ ಬಂದು ಜಗಲಿಯ ಅಂಚಿಗೆ ಕೂರುತ್ತಿದ್ದ. ಅವನ ಗೆಳೆಯ ಕಾಟಪ್ಪ ಶಿರಾ ಕಡೆಯ ಹಟ್ಟಿಯಿಂದ ಬರುತ್ತಿದ್ದ. ಓದುವುದಕ್ಕಲ್ಲ, ಮೇಷ್ಟರ ಮನೆಯ ಕಾಫಿಗೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಹೇಳಿಕೆ ಕೊಟ್ಟಿರೋದು ಕಮಿಟಿ," ಎಂದರು ಮೇಷ್ಟರು. "ವಾಪಸ್ ತಗೊಳ್ಳೋದೂ ಕಮಿಟೀನೇ. ಇದೇ ಕಮಿಟಿ ಇರೋವರೆಗೆ ಅದು ಆಗೋ ಮಾತಲ್ಲ. ಮೊದಲು ಕಮಿಟಿ ಬದಲಾಗ್ಬೇಕು. ಎರಡು ಅವಧಿ ಮುಗಿಸ್ದೋರು ಮತ್ತೆ ನಿಲ್ಲಬಾರ್ದು ಅಂತ ನಿಯಮ ಬರ್ಬೇಕು. ಆಮೇಲೆ, ಗಾಡಿ ಓಡಿಸೋರೂ ಸದಸ್ಯರಾಗ್ಬೇಕು. ತಲೆಗೊಂದು ಓಟು. ಪ್ರಜಾಪ್ರಭುತ್ವ ಅಂದ್ರೆ ತಲೆ ಲೆಕ್ಕ ಕಣಯ್ಯಾ."

"ನಮ್ ಸಂಘದಾಗೆ ಗಾಲಿ ಲೆಕ್ಕ ಮೇಷ್ಟ್ರೇ," ಎಂದ ಕಾಟಪ್ಪ. "ನಾವೂ ಎರಡು ಗಾಲಿ ಕಟ್ಕೊಂಡು ಬಂದ್ಬುಡ್ಬೇಕು ಅಷ್ಟೇಯ."

ಅವನು ಹೇಳಿದ್ದು ನಿಜವೇ ಆಗಿತ್ತು. ಆ ಸಂಘದಲ್ಲಿ ಕೈ ಎತ್ತಿ ಓಟು ಹಾಕುವ ಪದ್ಧತಿ ಇರಲಿಲ್ಲ. ಮೊದಲ ವರ್ಷದ ಸಭೆಯಲ್ಲಿ ಯಾರೋ ತಮಾಷೆಗೆ, ಇದು ಮೋಟಾರ್ ಸೈಕಲ್ ಸಂಘ, ಮೋಟಾರ್ ಸೈಕಲ್ಲುಗಳೇ ಓಟು ಹಾಕಲಿ ಎಂದಿದ್ದರು. ಅದು ಹಾಗೇ ನಿಂತಿತು. ಮಿಲ್ಲಿನ ಅಂಗಳದಲ್ಲಿ ಸುಣ್ಣದ ಗೆರೆ ಹಾಕುತ್ತಾರೆ. ಗಾಡಿಗಳೆಲ್ಲ ಗೆರೆಯ ಈಚೆಗೆ, ಎಡಗಡೆಯಲ್ಲಿ ನಿಂತಿರುತ್ತವೆ. ಬೇಕು ಎನ್ನುವ ಗಾಡಿ ಗೆರೆ ದಾಟಿ ಬಲಕ್ಕೆ ಹೋಗುತ್ತದೆ, ಬೇಡ ಎನ್ನುವುದು ಇದ್ದಲ್ಲೇ ಇರುತ್ತದೆ. ಆಮೇಲೆ ಗಾಡಿ ಎಣಿಸುತ್ತಾರೆ. ಒಂದು ಸಲ ಶಿರಾದ ಮಾಲೀಕರೊಬ್ಬರು ದಾಟಿಸಿದ ಗಾಡಿಯನ್ನು ಮನಸ್ಸು ಬದಲಿಸಿ ಹಿಂದಕ್ಕೆ ತರಿಸಿದರು. ಗಲಾಟೆಯಾಯಿತು. ಅಂದಿನಿಂದ ಚನ್ನಮಲ್ಲಯ್ಯನವರೇ ಒಂದು ನಿಯಮ ಮಾಡಿದರು. ಗೆರೆ ದಾಟಿದ ಗಾಡಿ ಹಿಂದಕ್ಕೆ ಬರುವಂತಿಲ್ಲ.

ನಾಲ್ಕು ಗಾಡಿ ಇದ್ದವನಿಗೆ ನಾಲ್ಕು ಓಟು. ಹತ್ತು ವರ್ಷ ಓಡಿಸಿ ಮೂಳೆ ಮುರಿದುಕೊಂಡವನಿಗೆ ಒಂದೂ ಇಲ್ಲ.

ಎಂಬತ್ತನಾಲ್ಕರ ವಾರ್ಷಿಕ ಸಭೆಗೆ ಮೇಷ್ಟರು ಎರಡು ಬೇಡಿಕೆ ಬರೆದರು. ಸಭೆಯ ಹಿಂದಿನ ದಿನ ಚಿಕ್ಕನರಸಯ್ಯನ ಬಸ್ಸು ಹತ್ತಿ, ಕಂಡಕ್ಟರ್ ಸೀಟಿನ ಪಕ್ಕದಲ್ಲಿ ನಿಂತರು. ಮುಖ ಬಾಡಿತ್ತು.

"ನರಸಯ್ಯ, ಎರಡನೇದು ಬಿಟ್ಬಿಡೋಣ. ಎರಡೂ ಕೇಳಿದ್ರೆ ಎರಡೂ ಹೋಗ್ತವೆ. ಈ ವರ್ಷ ಅವಧಿದು ಮಾತ್ರ ಆಗ್ಲಿ. ಓಡಿಸೋರ ಓಟು ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಅನ್ನದು ಯಾವಾಗ ಬತ್ತದೆ ಮೇಷ್ಟ್ರೇ?"

"ಹಂತಹಂತವಾಗಿ ಹೋಗ್ಬೇಕಪ್ಪ."

ಬಸ್ಸು ಬಡವನಹಳ್ಳಿಯಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ಚಿಕ್ಕನರಸಯ್ಯ ವಿಸಿಲ್ ಊದಿದ. ಕಮಿಟಿ ಬದಲಾದರೆ ತಮ್ಮನ ಮೇಲಿನ ಮಾತು ಹೋಗುತ್ತದೆ, ಮೊದಲು ಅದಾಗಲಿ ಎಂದುಕೊಂಡ. "ಆಗ್ಲಿ ಬುಡಿ," ಎಂದ.

ಅಂದು ಸಂಜೆ ಕಾಟಪ್ಪನಿಗೆ ಅದನ್ನು ಹೇಳಿದಾಗ ಅವನು ಬೀಡಿ ಹಚ್ಚಿಕೊಂಡು ನಕ್ಕ. "ಒಂದು ಕೇಳಿದ್ರೂ ಹೋಯ್ತದೆ, ಎರಡು ಕೇಳಿದ್ರೂ ಹೋಯ್ತದೆ. ಓಟು ಅವ್ರದು. ನಮ್ದೇನೈತೆ? ತಳ್ಳೋ ಕೈ."

ಹೇಳಿದವನು ಬೀಡಿ ಎಳೆಯುವುದನ್ನು ಮರೆತ. ಕೇಳಿದವನು ತನ್ನ ಕೈಯನ್ನೇ ನೋಡಿಕೊಂಡ. ಸಭೆಯ ದಿನ ಮಾಲೀಕರು ಶಾಮಿಯಾನದ ಕೆಳಗೆ ಕುರ್ಚಿಯಲ್ಲಿರುತ್ತಾರೆ. ಬಿಳಿ ಪಂಚೆಗೆ ಗ್ರೀಸು ಹತ್ತುತ್ತದೆ ಎಂದು ಗಾಡಿ ಮುಟ್ಟುವುದಿಲ್ಲ. ಎದ್ದು ಬಂದು ಗಾಡಿ ತಳ್ಳುವವರು ಓಡಿಸುವವರೇ. ಇಷ್ಟು ವರ್ಷ ಹೇಳಿದ ಕಡೆಗೆ ತಳ್ಳಿದ್ದರು. ತಳ್ಳುವವನಿಗೆ ಒಂದು ಮನಸ್ಸಿದೆ ಎಂಬುದು ಮಾಲೀಕರಿಗೆ ಹೊಳೆದಿರಲಿಲ್ಲ. ತಳ್ಳುವವರಿಗೂ ಹೊಳೆದಿರಲಿಲ್ಲ.

"ಲೇ ನರಸಣ್ಣ," ಎಂದ ಕಾಟಪ್ಪ, ಮೆಲ್ಲಗೆ. "ದಾಟಿದ್ದು ಹಿಂದಕ್ ಬರಂಗಿಲ್ಲ, ಅಲ್ವಾ?"

ಮಾರನೆಯ ದಿನ ಮಿಲ್ಲಿನ ಅಂಗಳದಲ್ಲಿ ಬೋಂಡ, ಕಾಫಿ ಸುತ್ತು ಬಂದವು. ಮೇಷ್ಟರು ಎದ್ದು ಬೇಡಿಕೆ ಓದಿದರು. ಅಧ್ಯಕ್ಷರಾಗಲಿ, ಕಮಿಟಿಯವರಾಗಲಿ ಎರಡು ಅವಧಿಗಿಂತ ಹೆಚ್ಚು ಇರಬಾರದು, ಹಿಂದೆ ಇದ್ದದ್ದೂ ಲೆಕ್ಕಕ್ಕೆ ಬರಬೇಕು. ಕೆಲವರು ಆಕಳಿಸಿದರು. ಚನ್ನಮಲ್ಲಯ್ಯ ಮುಗುಳ್ನಕ್ಕು, "ಬೇಕು ಅನ್ನೋರ ಗಾಡಿ ಗೆರೆ ದಾಟ್ಲಿ. ಬ್ಯಾಡ ಅನ್ನೋರ್ದು ಅಲ್ಲೇ ಇರ್ಲಿ. ಹೂಂ, ನೋಡ್ರಲಾ," ಎಂದು ಬೋಂಡಕ್ಕೆ ಕೈ ಹಾಕಿದರು.

ಮೇಷ್ಟರು ಒಬ್ಬರೇ ಹೋಗಿ ತಮ್ಮ ರಾಜ್‌ದೂತನ್ನು ತಳ್ಳಿಕೊಂಡು ಗೆರೆ ದಾಟಿದರು. ಅವರ ಹಿಂದೆ ಕಾಟಪ್ಪ ಶಿರಾದ ಕಂಟ್ರಾಕ್ಟರ ಬುಲೆಟ್ಟಿನ ಸ್ಟ್ಯಾಂಡು ಒದ್ದ.

"ಲೇ, ಲೇ! ಏನ್ ಮಾಡ್ತಿದ್ದೀಯೋ? ಅಲ್ಲೇ ಇರ್ಲಿ ಅಂದ್ರು ಕಣ್ಲಾ!" ಎಂದು ಕಂಟ್ರಾಕ್ಟರು ಕೂಗಿದರು.

"ಕೇಳಿಸ್ತು ಬುಡಿ ಅಣ್ಣಾ," ಎಂದ ಕಾಟಪ್ಪ. ಮುಂದಿನ ಗಾಲಿ ಗೆರೆ ದಾಟಿತು. ಸುಣ್ಣದ ಮೇಲೆ ಅಚ್ಚು ಮೂಡಿತು.

ಪಾವಗಡದ ಬಲಸಮುದ್ರದ ಅಂಜನಪ್ಪ ಎರಡು ಯೆಜ್ಡಿಗಳನ್ನು ಒಂದರ ಹಿಂದೆ ಒಂದು ದಾಟಿಸಿದ. ಅವನ ಮಾಲೀಕ ಕುರ್ಚಿಯಿಂದ ಎದ್ದು, "ಏಮಿರಾ ಇದಿ? ಬುದ್ಧಿ ಕೆಟ್ಟೈತೇನ್ರಾ ನಿನಗೆ?" ಎಂದು ತೆಲುಗು ಬೆರೆಸಿ ಕೂಗಿದ. ಅಂಜನಪ್ಪ ತಿರುಗಿ, "ಲೇದು ಅಯ್ಯಾ, ಈಗ್ಲೇ ಬಂತು," ಎಂದ. ಆಮೇಲೆ ಕೊರಟಗೆರೆಯ ಗಾಡಿಗಳು ಹೊರಟವು. ತಳ್ಳುವವರು ಯಾರೂ ಓಡಲಿಲ್ಲ, ಯಾರೂ ಕೂಗಲಿಲ್ಲ. ಗಾಲಿಗಳು ಮಣ್ಣಿನಲ್ಲಿ ಕರಕರ ಎನ್ನುವ ಸದ್ದು ಮಾತ್ರ ಇತ್ತು.

ಎಡಗಡೆ ಕೊನೆಗೆ ಕೆಂಪು ಜಾವಾ ಉಳಿಯಿತು. ರಿಪೇರಿ ಮಾಡಿಸಿದ್ದರು. ಟ್ಯಾಂಕಿನ ತಗ್ಗು ಹಾಗೇ ಇತ್ತು. ತಮ್ಮ ಸತ್ತ ಮೇಲೆ ಚಿಕ್ಕನರಸಯ್ಯ ಅದನ್ನು ಮುಟ್ಟಿರಲಿಲ್ಲ. ಈಗ ಹ್ಯಾಂಡಲ್ ಹಿಡಿದ. ರಬ್ಬರು ಸವೆದು ಒಂದು ಕಡೆ ನುಣುಪಾಗಿತ್ತು, ತಮ್ಮನ ಹೆಬ್ಬೆರಳು ಇರುತ್ತಿದ್ದ ಕಡೆ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅದನ್ನು ಬಲವಂತವಾಗಿ ನೆಟ್ಟಗೆ ಹಿಡಿದು ಗೆರೆ ದಾಟಿಸಿದ.

ಅಷ್ಟರಲ್ಲಿ ಮಾಲೀಕರೆಲ್ಲ ಎದ್ದು ನಿಂತು ಬೈಯತೊಡಗಿದರು. ಚನ್ನಮಲ್ಲಯ್ಯ ಕೈ ಎತ್ತಿ ಸುಮ್ಮನಾಗಿಸಿದರು. "ಕೂಗಾಡ್ಬ್ಯಾಡಿ. ದಾಟಿದ್ದು ಹಿಂದಕ್ಕಿಲ್ಲ. ಆ ಮಾತು ನಾನೇ ಆಡಿದ್ದು. ನನ್ ಗಾಡಿನೇ ನನ್ನ ಸಾಕು ಅಂದಮೇಲೆ ನಾನು ಇರ್ಬಾರ್ದು." ಹಾಗೆಂದು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಎಂಥ ದೊಡ್ಡ ಮನುಷ್ಯ ಎಂದು ತಳ್ಳಿದ ಹುಡುಗರಲ್ಲೇ ಒಬ್ಬಿಬ್ಬರು ಅಂದುಕೊಂಡರು. ಮೇಷ್ಟರು ಕಾಟಪ್ಪನನ್ನು ತಬ್ಬಿಕೊಂಡರು.

ಆ ಸ್ವಲ್ಪ ಹೊತ್ತು ಸಂಘದ ಎಲ್ಲ ಓಟೂ ತಳ್ಳುವವರ ಕೈಯಲ್ಲಿತ್ತು. ಏನು ಕೇಳಿದ್ದರೂ ಸಿಗುತ್ತಿತ್ತು. ಅವರು ಕೇಳಿದ್ದು ಕುರ್ಚಿಯಲ್ಲಿ ಕೂತವರು ಏಳಲಿ ಎಂದು. ಗೆರೆ ಹೋಗಲಿ ಎಂದು ಕೇಳಿರಲಿಲ್ಲ. ಕೇಳುವುದನ್ನು ಹಿಂದಿನ ದಿನ ಬಸ್ಸಿನಲ್ಲೇ ಬಿಟ್ಟುಕೊಟ್ಟಿದ್ದರು.

ಚುನಾವಣೆ ಬಂದಾಗ ಮಾಲೀಕರು ಪಂಚೆ ಎತ್ತಿ ಕಟ್ಟಿ ತಾವೇ ಗಾಡಿ ತಳ್ಳಿದರು. ಓಡಿಸುವವರನ್ನು ಗೇಟಿನಿಂದ ಆಚೆ ನಿಲ್ಲಿಸಿದರು. ಹಳೆಯ ಕಮಿಟಿಯವರ ತಮ್ಮಂದಿರು, ಅಳಿಯಂದಿರು, ಬಾವಮೈದುನರು ಹೊಸ ಕಮಿಟಿಯಾದರು. ಮೇಷ್ಟರನ್ನು ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ಯಾರು ಎಂದಾಗ ಚನ್ನಮಲ್ಲಯ್ಯ ಎದ್ದು ಗೇಟಿನ ಕಡೆ ಕೈ ತೋರಿಸಿದರು.

"ನಮ್ ನರಸಯ್ಯ ಆಗ್ಲಿ. ಕಾಲ ಬದಲಾಗೈತೆ. ನಾವೂ ಬದಲಾಗಾಣ."

"ಅವನ್ಹತ್ರ ಗಾಡಿ ಎಲ್ಲೈತೆ?" ಎಂದರು ಯಾರೋ.

"ಕೆಂಪು ಜಾವಾ ಅವ್ನ ಹೆಸರಿಗೆ ಮಾಡ್ಸಿದ್ರಾಯ್ತು. ಅವನ್ ತಮ್ಮನ ನೆನಪು. ಇಟ್ಕೊಳ್ಲಿ."

ಮೇಷ್ಟರ ಕಣ್ಣಲ್ಲಿ ನೀರು ಬಂತು. ತುಮಕೂರಿನ ಪತ್ರಿಕೆಯೊಂದು ಹರಿಜನ ಯುವಕ ಅಧ್ಯಕ್ಷ ಎಂದು ಫೋಟೊ ಹಾಕಿತು. ಫೋಟೊದಲ್ಲಿ ಚಿಕ್ಕನರಸಯ್ಯನ ಭುಜದ ಮೇಲೆ ಚನ್ನಮಲ್ಲಯ್ಯನವರ ಕೈ ಇತ್ತು.

"ನಮಸ್ಕಾರ ಪ್ರೆಸಿಡೆಂಟ್ರೇ," ಎಂದು ಕಾಟಪ್ಪ ಬಸ್ಸು ಹತ್ತಿ ಸೊಂಟ ಬಗ್ಗಿಸಿದ. "ಟಿಕೀಟ್ ಕೊಡ್ಬೇಕೋ, ನಿಮ್ ಮುಖ ತೋರ್ಸಿದ್ರೆ ಸಾಕೋ?"

"ಮುಚ್ಕೊಂಡ್ ಕೂತ್ಕೊಳ್ಳೋ."

"ಕೋಪ ಬ್ಯಾಡ. ಆ ಗಾಡಿ ಮ್ಯಾಲೆ ಹೆಂಗ್ ಕೂತ್ಕೊಂತೀಯ ನರಸಣ್ಣ? ನಂಗಾಗಿದ್ರೆ ಆಗ್ತಿರ್ಲಿಲ್ಲ."

ಅವನಿಗೂ ಆಗಿರಲಿಲ್ಲ. ಮಿಲ್ಲಿನಿಂದ ಕೇರಿಯವರೆಗೆ ಜಾವಾವನ್ನು ತಳ್ಳಿಕೊಂಡೇ ಹೋಗಿದ್ದ. ಮಾರಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಗಾಡಿ ನೋಡಿದಳು. ಟ್ಯಾಂಕಿನ ತಗ್ಗಿಗೆ ಅಂಗೈ ಇಟ್ಟಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಇಟ್ಟು, ಸುಟ್ಟುಕೊಂಡವಳಂತೆ ತೆಗೆದಳು.

"ಇದ್ನ ಯಾಕ್ ತಂದೆ?"

"ಇದಿಲ್ದಿದ್ರೆ ಕುರ್ಚಿ ಇಲ್ಲ ಕಣವ್ವ."

"ಕುರ್ಚಿ ಯಾಕೆ?"

"ರಂಗನ ಮಾತು ಆಡಕ್ಕೆ."

ಅವಳು ಒಲೆಯ ಕಡೆ ತಿರುಗಿದಳು. "ಅಂಗಾದ್ರೆ ಹಿತ್ತಲಿಗೆ ನಿಲ್ಸು. ನನ್ ಕಣ್ಣಿಗೆ ಬೀಳ್ದಂಗೆ," ಎಂದಳು.

ಹೊಸ ಕಮಿಟಿಯ ಮೊದಲ ಸಭೆಯಲ್ಲಿ ಅಧ್ಯಕ್ಷರು ಎರಡು ಮಾತು ಎತ್ತಿದರು. ಸಣ್ಣರಂಗಯ್ಯನ ಮೇಲೆ ಕೊಟ್ಟ ಹೇಳಿಕೆ ವಾಪಸಾಗಲಿ. ತೂಬಿನ ಕಲ್ಲಿಗೆ ಹುಲ್ಲು ಕಟ್ಟಿಸೋಣ. ಚನ್ನಮಲ್ಲಯ್ಯ ಕಮಿಟಿಯಲ್ಲಿರಲಿಲ್ಲ. ಸಭೆ ಮಾತ್ರ ಅವರ ಮಿಲ್ಲಿನಲ್ಲೇ ನಡೆಯುತ್ತಿತ್ತು. ಅವರು ಪಕ್ಕದ ರೂಮಿನಲ್ಲಿ ಬಾಗಿಲು ತೆರೆದುಕೊಂಡು ಕೂರುತ್ತಿದ್ದರು. ಎಲ್ಲರೂ ಆ ಬಾಗಿಲ ಕಡೆ ನೋಡಿದರು.

"ಸತ್ತೋದ್ ಕೇಸು. ಅದ್ನ ಯಾಕ್ ಕೆದಕ್ತೀಯ?" ಎಂದರು ಒಬ್ಬರು.

"ರೇಸ್ ಆಗ್ಲಿ, ಆಮೇಲ್ ನೋಡಾಣ."

"ಹುಲ್ಲು ಕಟ್ಟಿದ್ರೆ ನಮ್ ಟ್ರ್ಯಾಕಲ್ಲಿ ಅಪಾಯ ಐತೆ ಅಂತ ನಾವೇ ಒಪ್ಕೊಂಡಂಗೆ ಆಯ್ತದೆ."

ಬೇಕು ಎಂದವನು ಚಿಕ್ಕನರಸಯ್ಯ ಒಬ್ಬನೇ. ಮೇಷ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ತಲೆ ತಗ್ಗಿಸಿದ್ದರು. ಹೊರಗೆ ಬಂದ ಮೇಲೆ ಅವನ ಹಿಂದೆ ಓಡಿಬಂದರು.

"ತಪ್ಪು ತಿಳೀಬೇಡ ನರಸಯ್ಯ. ಸಮಯ ನೋಡ್ಬೇಕು. ನೀನು ಆ ಕುರ್ಚೀಲಿ ಕೂತಿರೋದೇ ಎಷ್ಟು ದೊಡ್ಡದು ಗೊತ್ತಾ?"

"ಕೂತಿರೋದು ನಾನಲ್ಲ ಮೇಷ್ಟ್ರೇ. ಜಾವಾ."

ಎಂಬತ್ತೈದರಲ್ಲಿ ಕೆರೆ ಮತ್ತೆ ಬತ್ತಿತು. ರೇಸಿಗೆ ಮುಂಚಿನ ಎರಡು ತಿಂಗಳು ಚಿಕ್ಕನರಸಯ್ಯ ಸಿಕ್ಕವರನ್ನೆಲ್ಲ ಕೇಳಿದ. ಹೇಳಿಕೆ ವಾಪಸ್ ತೆಗೆದುಕೊಳ್ಳುವುದು ಬೇಡ, ರೇಸಿನ ದಿನ ಮೈಕಿನಲ್ಲಿ ಒಂದು ಸಾಲು ಹೇಳಿಬಿಡಿ, ಸಣ್ಣರಂಗಯ್ಯ ನಮ್ಮವನು, ನಾವೇ ಕಳಿಸಿದ್ದೆವು ಎಂದು. ನಾಲ್ಕು ತಾಲೂಕಿನ ಜನ ಕೇಳಿಸಿಕೊಂಡರೆ ಸಾಕು. ಕೊನೆಗೆ ಚನ್ನಮಲ್ಲಯ್ಯನವರೇ, "ಆಗ್ಲಿ ಬುಡ್ಲಾ. ಅವತ್ತು ಹೇಳಾಣ. ಹುಲ್ಲೂ ಕಟ್ಸಾಣ," ಎಂದರು. ಅದನ್ನು ಮನೆಗೆ ಬಂದು ಹೇಳಿದ. ಮಾರಕ್ಕ ಅಂದು ಎರಡು ವರ್ಷದಲ್ಲಿ ಮೊದಲ ಸಲ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು.

ರೇಸಿನ ದಿನ ಬಿಸಿಲು ಬೇಗನೆ ಏರಿತು. ಏರಿಯ ಮೇಲೆಲ್ಲ ಜನ. ಕಡಲೆಪುರಿ, ಐಸ್ ಕ್ಯಾಂಡಿಯವರ ಕೂಗು. ಅತಿಥಿಯಾಗಿ ದೊಡ್ಡ ಅಧಿಕಾರಿಯೊಬ್ಬರು ಬಂದು ವೇದಿಕೆಯ ನಡುವೆ ಕೂತಿದ್ದರು, ಪಕ್ಕದಲ್ಲಿ ಚನ್ನಮಲ್ಲಯ್ಯ. ಅಧ್ಯಕ್ಷರಿಗೆ ಕುರ್ಚಿ ಇಟ್ಟಿರಲಿಲ್ಲ, ಬಾವುಟ ಬೀಳಿಸುವವರು ನಿಂತಿರಬೇಕಲ್ಲ ಎಂದು. ಚಿಕ್ಕನರಸಯ್ಯನ ಕೈಗೆ ಹಸಿರು ಬಾವುಟ ಕೊಟ್ಟಿದ್ದರು. ಎದೆಗೆ ಸಿಲ್ಕಿನ ಹೂವಿನ ಬ್ಯಾಡ್ಜು ಚುಚ್ಚಿದ್ದರು.

ಅವನು ತೂಬಿನ ಕಡೆ ನೋಡಿದ. ಹುಲ್ಲು ಇರಲಿಲ್ಲ. ಎರಡು ಕಲ್ಲುಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

ಅಲ್ಲ, ಒಂದೇ ಕಲ್ಲು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಕಪ್ಪಗೆ ಏನೋ ಸುತ್ತಿತ್ತು. ಅದರ ಬುಡದಲ್ಲಿ ಕಾಲು ಚಾಚಿ ಒಬ್ಬಳು ಕೂತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದ. ಕಲ್ಲಿಗೆ ಸುತ್ತಿದ್ದದ್ದು ಕಂಬಳಿ. ರಂಗ ಹೊದೆಯುತ್ತಿದ್ದ ಕಂಬಳಿ. ನಾಲ್ಕು ಮಡಿಕೆ ಮಾಡಿ, ತಲೆಯೆತ್ತರಕ್ಕೆ ಸುತ್ತಿ, ಹಗ್ಗ ಬಿಗಿದಿತ್ತು. ಅವರು ಕಟ್ಟಿಸಲಿಲ್ಲವೆಂದು ಅವ್ವನೇ ಬಂದು ಕಟ್ಟಿದ್ದಳು.

ರೇಸು ಹೊರಡುವ ಗೆರೆಯ ಮೇಲೆ ಗಾಡಿಗಳು ನಿಂತಿದ್ದವು. ಅಂಜನಪ್ಪ, ಕಾಟಪ್ಪ, ಇನ್ನೂ ಹಲವರು. ಕಿಕ್ ಹೊಡೆದು, ಆಕ್ಸಿಲರೇಟರ್ ತಿರುವಿ, ಹೊಗೆ ಎಬ್ಬಿಸುತ್ತಿದ್ದರು. ಕಾಟಪ್ಪ ಕೂಡ ತೂಬಿನ ಕಡೆ ನೋಡಿದ್ದ. ಅವನ ಮುಖದಲ್ಲಿ ಎಂದಿನ ನಗು ಇರಲಿಲ್ಲ.

ಚಿಕ್ಕನರಸಯ್ಯ ವೇದಿಕೆಯ ಹತ್ತಿರ ಹೋದ. ಮೈಕಿನ ಮುಂದೆ ಮೇಷ್ಟರಿದ್ದರು.

"ಮೇಷ್ಟ್ರೇ, ಆ ಒಂದು ಸಾಲು ಹೇಳ್ಬುಡಿ. ಆಮೇಲೆ ಬಾವುಟ."

ಮೇಷ್ಟರು ಪಕ್ಕಕ್ಕೆ ನೋಡಿದರು. ಚನ್ನಮಲ್ಲಯ್ಯ ಅತಿಥಿಗಳ ಜೊತೆ ನಗುನಗುತ್ತಲೇ ತಲೆಯನ್ನು ಬೇಡವೆಂಬಂತೆ ಒಂದು ಚೂರು ಅಲ್ಲಾಡಿಸಿದರು. ಮೇಷ್ಟರು ಮೈಕಿಗೆ ಬಾಯಿ ಹಚ್ಚಿ, "ಹಲೋ, ಹಲೋ, ಸಾರ್ವಜನಿಕರು ಟ್ರ್ಯಾಕಿನಿಂದ ದೂರ ಇರಬೇಕಾಗಿ ವಿನಂತಿ," ಎಂದರು. ಆ ದನಿ ಏರಿಗೆ ಬಡಿದು ಹಿಂದಕ್ಕೆ ಬಂತು.

"ಮೇಷ್ಟ್ರೇ."

"ಬಹುಮಾನ ಕೊಡುವಾಗ ಹೇಳೋಣಪ್ಪ. ಈಗ ದೊಡ್ಡೋರು ಕೂತಿದ್ದಾರೆ."

ಅತಿಥಿ ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡಿ, "ಅದೇನ್ರೀ ಅಲ್ಲಿ, ಆ ಕಲ್ಲಿನ ಮೇಲೆ?" ಎಂದರು.

"ಏನೂ ಇಲ್ಲ ಸರ್, ಯಾವ್ದೋ ಹಳೇ ಬಟ್ಟೆ," ಎಂದು ಚನ್ನಮಲ್ಲಯ್ಯ ಎದ್ದು ವೇದಿಕೆಯ ಅಂಚಿಗೆ ಬಂದರು. ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, ಅದೇ ಮೆತ್ತನೆಯ ದನಿಯಲ್ಲಿ ಹೇಳಿದರು. "ನರ್ಸ, ನಿಮ್ಮವ್ವನ್ನ ಎಬ್ಬಿಸು ಕಣ್ಲಾ ಅಲ್ಲಿಂದ. ಆ ಕಂಬಳಿ ಬಿಚ್ಚಿಸು. ಫೋಟೊದೋರು ಬಂದವ್ರೆ. ಸಾವಿನ ಮನೆ ಥರ ಕಾಣ್ತದೆ."

"ಹುಲ್ಲು ಕಟ್ಟಿಸ್ತೀನಿ ಅಂದಿದ್ರಿ."

"ಆಯ್ತು, ಮುಂದಿನ್ ವರ್ಷ. ಈಗ ಹೋಗು."

"ರಂಗನ ಮಾತು ಹೇಳ್ತೀನಿ ಅಂದಿದ್ರಿ."

"ಲೇ, ನಿನ್ನ ಎಲ್ಲಿ ಕೂರ್ಸಿದೀನಿ ಅನ್ನದು ಗೆಪ್ತಿ ಐತೇನ್ಲಾ?"

"ನಿಲ್ಸಿದ್ದೀರ ಯಜಮಾನ್ರೆ. ಕೂರ್ಸಿಲ್ಲ."

ಚನ್ನಮಲ್ಲಯ್ಯನವರ ನಗು ಮೊದಲ ಸಲ ಹೋಯಿತು. "ಕಂಬಳಿ ಬಿಚ್ಚಿಸ್ಬುಟ್ಟು ಬಾ. ಬಂದು ಬಾವುಟ ಬೀಳ್ಸು. ಅಧ್ಯಕ್ಷ ನೀನು. ಅದು ನಿನ್ ಕೆಲ್ಸ."

ಚಿಕ್ಕನರಸಯ್ಯ ಗೆರೆಯ ಹತ್ತಿರ ನಡೆದ. ಗಾಡಿಗಳು ಒಮ್ಮೆಲೇ ಗುಟುರು ಹಾಕಿದವು. ಜನ ಎದ್ದು ನಿಂತರು. ಆಚೆ, ತೂಬಿನ ಬುಡದಲ್ಲಿ, ಮಾರಕ್ಕ ಒಂದು ಕೈಯಲ್ಲಿ ಕಂಬಳಿಯ ಹಗ್ಗ ಹಿಡಿದುಕೊಂಡು ಮೈಕಿನ ಕಡೆಗೇ ಕಿವಿ ಕೊಟ್ಟು ಕೂತಿದ್ದಳು. ಇನ್ನೂ ಹೇಳುತ್ತಾರೆಂದು ಕಾಯುತ್ತಿದ್ದಳು.

ಅವನು ಬಾವುಟವನ್ನು ಕೋಲಿಗೆ ಸುತ್ತಿದ. ಬಿಚ್ಚಿಕೊಳ್ಳದಂತೆ ತುದಿಯನ್ನು ಒಳಗೆ ಸಿಕ್ಕಿಸಿದ. ಎದೆಯ ಸಿಲ್ಕಿನ ಹೂವನ್ನು ಕಿತ್ತು ಅದರ ಜೊತೆಗಿಟ್ಟು, ಗೆರೆಯ ಮೇಲೆ, ಕಾಟಪ್ಪನ ಗಾಡಿಯ ಮುಂದಿನ ಗಾಲಿಗೆ ಅಡ್ಡವಾಗಿ ಮಲಗಿಸಿದ. ಕಾಟಪ್ಪ ಅವನ ಮುಖ ನೋಡಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ಏನ್ಲಾ ಅದು?" ವೇದಿಕೆಯಿಂದ ಕೂಗು ಬಂತು. ಈಗ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. "ಎತ್ಲಾ ಅದ್ನ! ಎತ್ತಿ ಬೀಳ್ಸು!"

"ಎತ್ತಕಿಲ್ಲ," ಎಂದ ಚಿಕ್ಕನರಸಯ್ಯ.